ಕಂಪ್ಯೂಟರ್ ವಿಷನ್‌ನಲ್ಲಿ ಮೊದಲ ಸಂಶೋಧನೆ: ಬಸ್ ಬೋರ್ಡ್ ಓದುವ ಒಂದು ಪ್ರಶ್ನೆ ಹಿಡಿದು, ಮೊದಲಿಂದ ಪೇಪರ್‌ವರೆಗೆ

ಬಿಇ ಕೊನೆಯ ವರ್ಷದಲ್ಲಿರುವವರು, ಎಂಟೆಕ್ ಮಾಡುತ್ತಿರುವವರು, ಈಗಷ್ಟೇ ಪಿಎಚ್‌ಡಿಗೆ ಸೇರಿದವರು: ಈ ಬರಹ ನಿಮಗಾಗಿ. ಕಂಪ್ಯೂಟರ್ ವಿಷನ್ ಅಂದ್ರೆ ಚಿತ್ರ, ವಿಡಿಯೋ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಯಂತ್ರಕ್ಕೆ ಕಲಿಸುವುದು. ಪೈಥಾನ್ ಬರುತ್ತದೆ, ಆನ್‌ಲೈನ್ ಕೋರ್ಸ್ ಮುಗಿಸಿದ್ದೀರಿ, ಬೆಕ್ಕು-ನಾಯಿ ಗುರುತಿಸುವ ಮಾಡೆಲ್ ಟ್ರೈನ್ ಮಾಡಿ ನೋಡಿದ್ದೀರಿ. ಆದರೆ ಗೈಡ್ ‘ಒಂದು ಪ್ರಾಬ್ಲಂ ಹಿಡಿದುಕೊಂಡು ಬನ್ನಿ’ ಅಂದಾಗ ಎಲ್ಲಿಂದ ಶುರು ಮಾಡಬೇಕು ಅಂತ ತೋಚುವುದಿಲ್ಲ, ಅಲ್ವಾ?

ಹೆಚ್ಚಿನವರು ಮಾಡೆಲ್‌ನಿಂದ ಶುರು ಮಾಡುತ್ತಾರೆ. ಹೊಸದಾಗಿ ಬಂದ ಯಾವುದೋ ನೆಟ್‌ವರ್ಕ್ ತಗೊಂಡು, ಅದಕ್ಕೆ ಹೊಂದುವ ಡೇಟಾ ಹುಡುಕಿ, ಕೊನೆಗೆ ‘ಶೇ 98 ನಿಖರತೆ ಬಂತು’ ಅಂತ ಬರೆದು ಮುಗಿಸುತ್ತಾರೆ. ನಾನು ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ. ಮೊದಲು ಪರೀಕ್ಷೆ ಕಟ್ಟಿ. ಯಂತ್ರ ನಿಜವಾಗಿ ನೋಡುತ್ತಿದೆಯೋ, ಬೇರೆ ಯಾವುದೋ ಸುಳಿವು ಹಿಡಿದು ಊಹಿಸುತ್ತಿದೆಯೋ ಅಂತ ಪತ್ತೆ ಹಚ್ಚುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧ ಸಂಶೋಧನೆ ಆದ ಹಾಗೆ. ಮಾಡೆಲ್ ಆಮೇಲೆ ಬರಲಿ.

ಸುಮ್ನೆ ಗಾಳಿಯಲ್ಲಿ ಹೇಳಿದರೆ ಏನೂ ಅರ್ಥವಾಗುವುದಿಲ್ಲ. ಹಾಗಾಗಿ ಒಂದೇ ಉದಾಹರಣೆ ಹಿಡಿದು ಕೊನೆವರೆಗೂ ಹೋಗೋಣ. ಬೆಂಗಳೂರಿನ ಬಸ್ ಸ್ಟಾಪಿನಲ್ಲಿ ದೃಷ್ಟಿ ಇಲ್ಲದ ಒಬ್ಬರು ನಿಂತಿದ್ದಾರೆ. ಅವರ ಕೈಯಲ್ಲಿರುವ ಫೋನು, ಬರುತ್ತಿರುವ ಬಸ್ಸಿನ ಎಲ್‌ಇಡಿ ಬೋರ್ಡ್ ನೋಡಿ ರೂಟ್ ನಂಬರ್ ಹೇಳಬೇಕು.

ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸೇಮರ್ ಪ್ಯಾಪರ್ಟ್ ಒಂದು ‘ಸಮ್ಮರ್ ವಿಷನ್ ಪ್ರಾಜೆಕ್ಟ್’ ರೂಪಿಸಿದರು. ಬೇಸಿಗೆ ರಜೆಯಲ್ಲಿ ಲ್ಯಾಬಿನವರನ್ನೆಲ್ಲ ಸೇರಿಸಿ, ದೃಷ್ಟಿ ವ್ಯವಸ್ಥೆಯ ಒಂದು ದೊಡ್ಡ ಭಾಗವನ್ನೇ ಕಟ್ಟುವ ಯೋಜನೆ ಅದು. ಚಿತ್ರದಲ್ಲಿ ವಸ್ತು ಯಾವುದು, ಹಿನ್ನೆಲೆ ಯಾವುದು ಅಂತ ಬೇರ್ಪಡಿಸುವುದು, ಆಮೇಲೆ ವಸ್ತುಗಳಿಗೆ ಹೆಸರು ಹೇಳುವುದು. ಅರವತ್ತು ವರ್ಷ ಆಗುತ್ತಾ ಬಂತು, ಅದೇ ಕೆಲಸದ ಮೇಲೆ ಇವತ್ತೂ ಪೇಪರ್ ಬರುತ್ತಿವೆ. ಅವರು ಜಾಣರಾಗಿರಲಿಲ್ಲ ಅಂತಲ್ಲ. ನಮಗೆ ಕಣ್ಣು ಬಿಟ್ಟ ಕೂಡಲೇ ಕಾಣುತ್ತದೆ, ಹಾಗಾಗಿ ನೋಡುವ ಕೆಲಸ ಸುಲಭ ಅಂತ ಯಾರಿಗೂ ಅನಿಸುತ್ತದೆ.

‘ದೃಷ್ಟಿ ಇಲ್ಲದವರಿಗೆ ಬಸ್ ಆ್ಯಪ್ ಮಾಡುತ್ತೇನೆ’ ಅನ್ನುವುದು ಒಳ್ಳೆಯ ಪ್ರಾಜೆಕ್ಟ್. ಆದರೆ ಅದು ಸಂಶೋಧನೆಯ ಪ್ರಶ್ನೆ ಅಲ್ಲ. ಪ್ರಶ್ನೆಗೆ ‘ಹೌದು’ ಅಥವಾ ‘ಇಲ್ಲ’ ಎರಡೂ ಉತ್ತರ ಬರುವ ಸಾಧ್ಯತೆ ಇರಬೇಕು, ಎರಡರಿಂದಲೂ ಏನಾದರೂ ತಿಳಿಯಬೇಕು. ಹೀಗೆ ಇಳಿಸಿ ನೋಡಿ: ‘ವಿಡಿಯೋದ ಹಲವು ಫ್ರೇಮ್‌ಗಳನ್ನು ಒಟ್ಟಿಗೆ ಬಳಸಿದರೆ, ಒಂದೇ ಫ್ರೇಮ್ ಬಳಸುವುದಕ್ಕಿಂತ ಎಲ್‌ಇಡಿ ಬೋರ್ಡಿನ ರೂಟ್ ನಂಬರ್ ಹೆಚ್ಚು ಚೆನ್ನಾಗಿ ಓದಬಹುದಾ? ಹಗಲಲ್ಲಿ ಎಷ್ಟು, ರಾತ್ರಿ ಎಷ್ಟು?’ ಈಗ ಅಳೆಯುವ ವಸ್ತು ಕೈಗೆ ಸಿಕ್ಕಿತು.

ಇಷ್ಟು ಬರೆದುಕೊಂಡ ಮೇಲೆ, ಯಾರಿಗಾಗಿ ಮಾಡುತ್ತಿದ್ದೀರೋ ಅವರ ಜೊತೆ ಕೂತು ಮಾತಾಡಿ. ಅವರಿಗೆ ಬೇಕಿರುವುದು ಬೇರೆಯೇ ಇರಬಹುದು. ಒಂದರ ಹಿಂದೆ ಒಂದು ಮೂರು ಬಸ್ ನಿಂತಾಗ ತಮ್ಮ ಬಸ್ ಎಷ್ಟನೆಯದು ಅನ್ನುವುದೇ ದೊಡ್ಡ ತೊಡಕಾಗಿರಬಹುದು. ಮನೆಯಲ್ಲಿ ಕೂತು ಇದನ್ನು ಕಲ್ಪಿಸಿಕೊಳ್ಳಲು ಆಗುವುದಿಲ್ಲ.

ಹಂತ 2: ಕೋಡ್ ಬರೆಯುವ ಮೊದಲು ಹೋಗಿ ನೋಡಿ

ಎಲ್ಲರೂ ಹಾರಿಸಿಕೊಂಡು ಹೋಗುವ ಹಂತ ಇದು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಒಂದು ಸಂಜೆ ಬಿಸಿಲಿರುವಾಗಲೇ ಬಸ್ ಸ್ಟಾಪಿಗೆ ಹೋಗಿ, ಕತ್ತಲಾಗುವವರೆಗೂ ನಿಮ್ಮ ಫೋನಿನಲ್ಲೇ ವಿಡಿಯೋ ತೆಗೆಯಿರಿ. ಮನೆಗೆ ಬಂದು ಒಂದೊಂದೇ ಫ್ರೇಮ್ ಸರಿಸುತ್ತಾ ನೋಡಿ.

ಮೊದಲು ಕಣ್ಣಿಗೆ ಬೀಳುವುದು ಏನು ಗೊತ್ತಾ? ಕಣ್ಣಿಗೆ ಪೂರ್ತಿ ಕಂಡ ನಂಬರ್, ಫ್ರೇಮ್‌ನಲ್ಲಿ ಅರ್ಧಂಬರ್ಧ ಇರುತ್ತದೆ. ಒಂದು ಫ್ರೇಮ್‌ನಲ್ಲಿ ‘5’ರ ಮೇಲ್ಭಾಗ ಇಲ್ಲ, ಇನ್ನೊಂದರಲ್ಲಿ ‘0’ಯ ನಡುವೆ ಕಪ್ಪು ಪಟ್ಟೆ. ಕಾರಣ ಬೋರ್ಡಿನಲ್ಲೇ ಇದೆ. ಇಂಥ ಬಹಳಷ್ಟು ಬೋರ್ಡುಗಳಲ್ಲಿ ಎಲ್ಲ ದೀಪ ಒಟ್ಟಿಗೆ ಉರಿಯುವುದಿಲ್ಲ. ಕೆಲವು ಸಾಲು ಉರಿದು ಆರುತ್ತವೆ, ಆಮೇಲೆ ಮುಂದಿನ ಸಾಲು. ಸೆಕೆಂಡಿಗೆ ನೂರಾರು ಸಲ ಹೀಗೆ ಸುತ್ತುವುದರಿಂದ ನಮ್ಮ ಕಣ್ಣು ಎಲ್ಲವನ್ನೂ ಸೇರಿಸಿ ಒಂದೇ ನಂಬರ್ ಕಾಣಿಸುತ್ತದೆ. ಆದರೆ ಬಿಸಿಲಿನಲ್ಲಿ ಕ್ಯಾಮೆರಾ ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಾತ್ರ ಕಣ್ಣು ತೆರೆದಿರುತ್ತದೆ, ಕೆಲವೊಮ್ಮೆ ಅದಕ್ಕೂ ಕಡಿಮೆ. ಅಷ್ಟರಲ್ಲಿ ಉರಿದ ಸಾಲುಗಳಷ್ಟೇ ಅದಕ್ಕೆ ಸಿಗುತ್ತವೆ. ಫೋನ್ ಕ್ಯಾಮೆರಾ ಚಿತ್ರವನ್ನು ಮೇಲಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ, ಅದರಿಂದ ಪಟ್ಟೆಗಳು ಇನ್ನಷ್ಟು ಸೇರಿಕೊಳ್ಳುತ್ತವೆ.

ರಾತ್ರಿ ಕಥೆ ಬೇರೆ. ಬೆಳಕು ಕಡಿಮೆ ಅಂತ ಕ್ಯಾಮೆರಾ ಜಾಸ್ತಿ ಹೊತ್ತು ತೆರೆದಿರುತ್ತದೆ. ಸಾಲುಗಳೇನೋ ಪೂರ್ತಿ ಬರುತ್ತವೆ, ಆದರೆ ದೀಪದ ಬೆಳಕು ಹರಡಿ ಅಂಕಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೈ ಸ್ವಲ್ಪ ನಡುಗಿದರೂ ಎಲ್ಲ ಕಲಸಿಹೋಗುತ್ತದೆ. ನೋಡಿ, ಒಂದು ಸಂಜೆಯಲ್ಲೇ ಎರಡು ಬೇರೆ ಬೇರೆ ತೊಂದರೆ ಸಿಕ್ಕಿದವು: ಹಗಲಲ್ಲಿ ಮಾಹಿತಿ ಕಾಣೆ, ರಾತ್ರಿ ಮಾಹಿತಿ ಕಲಬೆರಕೆ. ಯಾವ ನೆಟ್‌ವರ್ಕೂ ಇದನ್ನು ನಿಮಗೆ ಹೇಳಿಕೊಡುತ್ತಿರಲಿಲ್ಲ.

ಈಗ ಪೆನ್ನು ಹಿಡಿದು ಸ್ವಲ್ಪ ಲೆಕ್ಕ ಮಾಡಿ. 1080ಪಿ ವಿಡಿಯೋದಲ್ಲಿ ಸಾಮಾನ್ಯ ಫೋನಿನ ಫೋಕಲ್ ಲೆಂಗ್ತ್ (ಲೆನ್ಸ್ ವಸ್ತುವನ್ನು ಎಷ್ಟು ದೊಡ್ಡದಾಗಿ ತೋರಿಸುತ್ತದೆ ಅನ್ನುವ ಅಳತೆ) ಸುಮಾರು 1,500 ಪಿಕ್ಸೆಲ್ ಅಂತ ಇಟ್ಟುಕೊಳ್ಳಿ. ಅಂಕಿಯ ಎತ್ತರ 20 ಸೆಂಟಿಮೀಟರ್ ಇದ್ದು, ಬಸ್ 30 ಮೀಟರ್ ದೂರದಲ್ಲಿದ್ದರೆ, ಚಿತ್ರದಲ್ಲಿ ಅಂಕಿಯ ಎತ್ತರ 0.2 ಗುಣಿಸು 1,500 ಭಾಗಿಸು 30, ಅಂದ್ರೆ 10 ಪಿಕ್ಸೆಲ್. 15 ಮೀಟರಿಗೆ ಬಂದಾಗ 20 ಪಿಕ್ಸೆಲ್. ಅಂಕಿಯಲ್ಲೇ 16 ಸಾಲು ದೀಪ ಇದ್ದರೆ, 10 ಪಿಕ್ಸೆಲ್‌ನಲ್ಲಿ ಅವನ್ನು ಬಿಡಿಬಿಡಿಯಾಗಿ ಕಾಣುವುದು ಸಾಧ್ಯವೇ ಇಲ್ಲ. ಬಸ್ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿದ್ದರೆ, 30 ಮೀಟರಿನಿಂದ 15 ಮೀಟರಿಗೆ ಬರಲು 1.8 ಸೆಕೆಂಡ್. ಸೆಕೆಂಡಿಗೆ 30 ಫ್ರೇಮ್ ಅಂದ್ರೆ ಕೈಯಲ್ಲಿರುವುದು 54 ಫ್ರೇಮ್. ಕೈ ಎತ್ತಿ ಬಸ್ ನಿಲ್ಲಿಸಬೇಕಾದವರಿಗೆ ಇದೇ ಕಾಲಾವಕಾಶ. ನಿಮ್ಮ ಇಡೀ ಸಂಶೋಧನೆ ಈ 54 ಫ್ರೇಮ್‌ಗಳ ಒಳಗೆ ನಡೆಯಬೇಕು.

ಹಂತ 3: ಪೇಪರ್ ಓದಿ, ಆದರೆ ಮುಳುಗಬೇಡಿ

ಕಂಪ್ಯೂಟರ್ ವಿಷನ್‌ನ ಒಂದು ಭಾಗ್ಯ ಏನಂದ್ರೆ ಓದುವುದಕ್ಕೆ ದುಡ್ಡು ಬೇಕಿಲ್ಲ. ಸಿವಿಪಿಆರ್, ಐಸಿಸಿವಿ ಸಮ್ಮೇಳನಗಳ ಪೇಪರ್‌ಗಳು ಸಿವಿಎಫ್ ಓಪನ್ ಆ್ಯಕ್ಸೆಸ್ ತಾಣದಲ್ಲಿ ಉಚಿತ. ಉಳಿದವು ಹೆಚ್ಚಾಗಿ ಆರ್ಕೈವ್ (arXiv) ತಾಣದಲ್ಲಿ ಸಿಗುತ್ತವೆ. ಒಂದು ಒಳ್ಳೆಯ ಪೇಪರ್ ಸಿಕ್ಕಿದರೆ ಗೂಗಲ್ ಸ್ಕಾಲರ್‌ನಲ್ಲಿ ಅದನ್ನು ಯಾರ್ಯಾರು ಉಲ್ಲೇಖಿಸಿದ್ದಾರೆ ಅಂತ ನೋಡಿ. ಹಿಂದಕ್ಕೂ ಮುಂದಕ್ಕೂ ದಾರಿ ತೆರೆಯುತ್ತದೆ.

ಓದುವ ಕ್ರಮ ಹೀಗಿರಲಿ: ಸಾರಾಂಶ, ಚಿತ್ರಗಳು, ಫಲಿತಾಂಶದ ಪಟ್ಟಿ, ಸೋತ ಉದಾಹರಣೆಗಳು. ವಿಧಾನದ ಭಾಗವನ್ನು ಕೊನೆಗೆ ಓದಿ. ಪ್ರತಿ ಪೇಪರಿಗೂ ಮೂರು ಸಾಲು ಬರೆದಿಡಿ: ಯಾವ ಡೇಟಾ ಮೇಲೆ ಪರೀಕ್ಷೆ ಮಾಡಿದರು, ಯಾವುದರ ಜೊತೆ ಹೋಲಿಸಿದರು, ಎಲ್ಲಿ ಸೋತರು. ಮೂರನೆಯ ಸಾಲು ಬರೆಯಲು ಆಗದಿದ್ದರೆ ಪೇಪರ್ ಸರಿಯಾಗಿ ಓದಿಲ್ಲ ಅಂತ ಅರ್ಥ, ಇಲ್ಲವೇ ಅವರು ಹೇಳಿಲ್ಲ ಅಂತ.

ನಮ್ಮ ಉದಾಹರಣೆಗೆ ಹತ್ತಿರದ ಕೆಲಸ ಬೆಂಗಳೂರಿನಲ್ಲೇ ನಡೆದಿದೆ. 2009ರಲ್ಲಿ ತಿಯೋಫಿಲೊ ಡಿ ಕಾಂಪೋಸ್, ಬೋಡ್ಲ ರಾಕೇಶ್ ಬಾಬು ಮತ್ತು ಮಾಣಿಕ್ ವರ್ಮಾ ಪ್ರಕಟಿಸಿದ ಚಾರ್ಸ್74ಕೆ ಡೇಟಾಸೆಟ್‌ನಲ್ಲಿ ಬೆಂಗಳೂರಿನ ಬೀದಿಗಳ ಅಂಗಡಿ ಬೋರ್ಡು, ಹೋರ್ಡಿಂಗ್, ಜಾಹೀರಾತುಗಳ ಚಿತ್ರಗಳಿವೆ. ಇಂಗ್ಲಿಷ್ ಜೊತೆ ಕನ್ನಡ ಅಕ್ಷರಗಳೂ ಇವೆ. ಇಂಗ್ಲಿಷ್‌ಗೆ ಅಂಕಿ ಸೇರಿ 62 ವರ್ಗ ಸಾಕಾಯಿತು. ಕನ್ನಡಕ್ಕೆ 600ಕ್ಕೂ ಜಾಸ್ತಿ ಬೇಕಾಯಿತು, ಯಾಕೆಂದರೆ ಗುಣಿತಾಕ್ಷರ ಒಂದೊಂದೂ ಬೇರೆ ಆಕಾರ. ಹೈದರಾಬಾದಿನ ಐಐಐಟಿಯ ಸಿವಿಐಟಿ ಕೇಂದ್ರ ಭಾರತೀಯ ಲಿಪಿಗಳ ಮೇಲೆ ಬಹಳ ವರ್ಷದಿಂದ ಕೆಲಸ ಮಾಡುತ್ತಿದೆ. ಅವರ ಇಂಡಿಕ್‌ಎಸ್‌ಟಿಆರ್12ರಲ್ಲಿ ಕನ್ನಡವೂ ಸೇರಿ 12 ಭಾಷೆಗಳ, ಬೀದಿಯಲ್ಲಿ ಕಾಣುವ ಪದಗಳ ಚಿತ್ರಗಳಿವೆ. ಹೊಸದಾಗಿ ಡೇಟಾ ತೆಗೆಯುವ ಮೊದಲು ಇಂಥವನ್ನು ಡೌನ್‌ಲೋಡ್ ಮಾಡಿ ನೂರಾರು ಚಿತ್ರ ಕಣ್ಣಾರೆ ನೋಡಿ.

ಇನ್ನೊಂದು ಪೇಪರನ್ನೂ ತಪ್ಪದೆ ಓದಿ. 2018ರ ವಿಜ್‌ವಿಜ್ ಡೇಟಾಸೆಟ್‌ನಲ್ಲಿ ದೃಷ್ಟಿ ಇಲ್ಲದವರೇ ತೆಗೆದ ಫೋಟೊ ಮತ್ತು ಅವರೇ ಕೇಳಿದ 31,000ಕ್ಕೂ ಹೆಚ್ಚು ಪ್ರಶ್ನೆಗಳಿವೆ. ಎಷ್ಟೋ ಫೋಟೊಗಳಲ್ಲಿ ಬೇಕಾದ ವಸ್ತು ಅರ್ಧ ಹೊರಗಿದೆ, ಮಸುಕಾಗಿದೆ, ಇಲ್ಲವೇ ಬೆರಳು ಅಡ್ಡ ಬಂದಿದೆ. ಕಣ್ಣಿರುವ ನೀವು ನೆಟ್ಟಗೆ ಹಿಡಿದು ತೆಗೆದ ವಿಡಿಯೋ ಮೇಲೆ ಬಂದ ಅಂಕ, ಅವರ ಕೈಯಲ್ಲಿ ಬರುವುದಿಲ್ಲ. ನಿಮ್ಮ ಟೆಸ್ಟ್ ವಿಡಿಯೋಗಳಲ್ಲಿ ಒಂದು ಪಾಲನ್ನಾದರೂ ಅವರೇ ತೆಗೆಯಬೇಕು, ಅವರ ಒಪ್ಪಿಗೆಯೊಂದಿಗೆ, ಅವರ ಸಮಯಕ್ಕೆ ಸಂಭಾವನೆ ಕೊಟ್ಟು.

ಹಂತ 4: ಟೆಸ್ಟ್ ಸೆಟ್ ಕಟ್ಟಿ, ಬೀಗ ಹಾಕಿ

ಕನ್ನಡ-ಎಂನಿಸ್ಟ್ ಕೇಳಿರಬಹುದು. 2019ರಲ್ಲಿ ವಿನಯ್ ಪ್ರಭು ಬಿಡುಗಡೆ ಮಾಡಿದ, ಕೈಬರಹದ ಕನ್ನಡ ಅಂಕಿಗಳ ಡೇಟಾಸೆಟ್. ಮಾಡೆಲ್ ಕಲಿಯುವುದಕ್ಕೆ, ಅಂದ್ರೆ ಟ್ರೈನಿಂಗಿಗೆ 60,000 ಚಿತ್ರ, ಕಲಿತದ್ದನ್ನು ಪರೀಕ್ಷಿಸುವ ಟೆಸ್ಟಿಗೆ 10,000. ಅದರ ಜೊತೆಗೇ ಡಿಗ್-ಎಂನಿಸ್ಟ್ ಅಂತ ಇನ್ನೊಂದು ಟೆಸ್ಟ್ ಸೆಟ್ ಕೊಟ್ಟರು. ಅದೇ ಕನ್ನಡ ಅಂಕಿಗಳು, ಆದರೆ ಕನ್ನಡ ಬಳಸದವರ ಕೈಯಲ್ಲಿ ಬರೆಸಿದ್ದು. ಅದೇ ಮಾಡೆಲ್ ಮೊದಲನೆಯದರ ಮೇಲೆ ಶೇ 96.8 ತಗೊಂಡರೆ, ಎರಡನೆಯದರ ಮೇಲೆ ಶೇ 76.1ಕ್ಕೆ ಇಳಿಯಿತು. ಕೋಡ್ ಬದಲಾಗಿಲ್ಲ, ಲಿಪಿ ಬದಲಾಗಿಲ್ಲ, ಮುಖ್ಯವಾಗಿ ಬರೆದ ಕೈ ಬದಲಾಯಿತು. ಎರಡನೆಯ ಅಂಕವನ್ನೂ ಮುಚ್ಚಿಡದೆ ಮೊದಲ ಪುಟದಲ್ಲೇ ಹೇಳಿದ್ದು ಆ ಕೆಲಸದ ದೊಡ್ಡ ಗುಣ.

ಇದು ನಮ್ಮ ಲಿಪಿಗಷ್ಟೇ ಬಂದ ಕಷ್ಟ ಅಲ್ಲ. 2019ರಲ್ಲೇ ಬೆಂಜಮಿನ್ ರೆಕ್ಟ್ ಮತ್ತು ಸಂಗಡಿಗರು ಇಮೇಜ್‌ನೆಟ್ ಅನ್ನುವ, ಎಲ್ಲರೂ ಬಳಸುವ ದೊಡ್ಡ ಚಿತ್ರ ಡೇಟಾಸೆಟ್‌ನ ಟೆಸ್ಟ್ ಸೆಟ್ಟನ್ನು ಹಳೆಯ ವಿಧಾನವನ್ನೇ ಅನುಸರಿಸಿ ಹೊಸದಾಗಿ ಮಾಡಿದರು. ಹೆಸರಾಂತ ಮಾಡೆಲ್‌ಗಳ ಅಂಕ 11ರಿಂದ 14 ಪಾಯಿಂಟ್ ಬಿತ್ತು.

ಬಸ್ ಬೋರ್ಡಿಗೆ ಬರೋಣ. ನಿಮ್ಮಲ್ಲಿ 300 ವಿಡಿಯೋ ಇವೆ ಅಂದುಕೊಳ್ಳಿ, ಒಂದೊಂದರಲ್ಲಿ 54 ಫ್ರೇಮ್. ಎಲ್ಲ ಫ್ರೇಮ್‌ಗಳನ್ನು ಕಲೆಸಿ ಶೇ 80 ಟ್ರೈನಿಂಗಿಗೆ, ಶೇ 20 ಟೆಸ್ಟಿಗೆ ಅಂತ ಹಂಚಿದರೆ ಮುಗಿಯಿತು ಕಥೆ. ಒಂದೇ ಬಸ್ಸಿನ ಹನ್ನೆರಡನೇ ಫ್ರೇಮ್ ಟ್ರೈನಿಂಗಿನಲ್ಲಿ, ಹದಿಮೂರನೆಯದು ಟೆಸ್ಟಿನಲ್ಲಿ. ಮಾಡೆಲ್ ಓದುವುದನ್ನು ಕಲಿಯಬೇಕಿಲ್ಲ, ನೆನಪಿಟ್ಟುಕೊಂಡರೆ ಸಾಕು. ನೋಡಲು ಬಹಳ ಚೆನ್ನಾಗಿರುವ ಅಂಕ ಬರುತ್ತದೆ, ಅದಕ್ಕೆ ಬೆಲೆ ಇರುವುದಿಲ್ಲ.

ಹಂಚುವುದು ಹೀಗೆ: ಒಂದು ಬಸ್ಸಿನ ಎಲ್ಲ ಫ್ರೇಮ್ ಒಂದೇ ಕಡೆ ಇರಲಿ. ಟೆಸ್ಟಿಗೆ ಬೇರೆ ಸ್ಟಾಪ್, ಬೇರೆ ದಿನ, ಸಾಧ್ಯವಾದರೆ ಬೇರೆ ಫೋನ್. ಕೆಲವು ರೂಟ್ ನಂಬರ್‌ಗಳು ಟ್ರೈನಿಂಗಿನಲ್ಲಿ ಇರಲೇಬಾರದು. ಹಗಲು, ಮುಸ್ಸಂಜೆ, ರಾತ್ರಿ, ಮಳೆ: ಪ್ರತಿಯೊಂದಕ್ಕೂ ಟೆಸ್ಟಿನಲ್ಲಿ ಸಾಕಷ್ಟು ವಿಡಿಯೋ ಇರಲಿ, ಆಮೇಲೆ ಬೇರೆ ಬೇರೆಯಾಗಿ ಅಂಕ ಹೇಳಬಹುದು. ಟ್ರೈನಿಂಗ್ ಸೆಟ್‌ನಿಂದಲೇ ಸ್ವಲ್ಪ ತೆಗೆದು ವ್ಯಾಲಿಡೇಶನ್ ಸೆಟ್ ಮಾಡಿಕೊಳ್ಳಿ, ದಿನನಿತ್ಯದ ಪ್ರಯೋಗವೆಲ್ಲ ಅದರ ಮೇಲೆ. ಟೆಸ್ಟ್ ಸೆಟ್ಟನ್ನು ಬೇರೆ ಫೋಲ್ಡರಿಗೆ ಹಾಕಿ ಮರೆತುಬಿಡಿ. ಗೆಳೆಯರ ಹತ್ತಿರ ಕೊಟ್ಟಿಟ್ಟರೆ ಇನ್ನೂ ಒಳ್ಳೆಯದು.

ಲೇಬಲ್ ಹಾಕುವುದು, ಅಂದ್ರೆ ಪ್ರತಿ ಚಿತ್ರಕ್ಕೂ ಸರಿ ಉತ್ತರ ಬರೆದಿಡುವುದು, ಬೇಸರದ ಕೆಲಸ ಅಂತ ಜೂನಿಯರ್‌ಗಳಿಗೆ ದಾಟಿಸಬೇಡಿ. ಸಿಟಿಸ್ಕೇಪ್ಸ್ ಡೇಟಾಸೆಟ್‌ನಲ್ಲಿ ಒಂದೇ ರಸ್ತೆ ಚಿತ್ರಕ್ಕೆ ಸೂಕ್ಷ್ಮವಾಗಿ ಲೇಬಲ್ ಹಾಕಿ ಪರಿಶೀಲಿಸಲು ಸರಾಸರಿ ಒಂದೂವರೆ ಗಂಟೆಗೂ ಜಾಸ್ತಿ ಹಿಡಿದಿತ್ತು. ಅಂಥ 5,000 ಚಿತ್ರ ಮಾಡಿದರು. ನಿಮ್ಮದು ಅಷ್ಟು ಕಷ್ಟದ್ದಲ್ಲ. ಸಿವ್ಯಾಟ್ ಅಥವಾ ಲೇಬಲ್ ಸ್ಟುಡಿಯೋ ಸಾಫ್ಟ್‌ವೇರ್‌ನಲ್ಲಿ ಬೋರ್ಡಿನ ಸುತ್ತ ಚೌಕ ಎಳೆದು ನಂಬರ್ ಬರೆದರೆ ಆಯಿತು. ಆದರೆ ನಿಯಮ ಮೊದಲೇ ಬರೆದಿಡಿ. ಅರ್ಧ ಕಾಣುವ ನಂಬರನ್ನು ಬರೆಯಬೇಕಾ, ಬಿಡಬೇಕಾ? ಬೋರ್ಡಿನಲ್ಲಿ ಕನ್ನಡ ಹೋಗಿ ಇಂಗ್ಲಿಷ್ ಬರುವ ಕ್ಷಣದ ಫ್ರೇಮಿಗೆ ಏನು ಮಾಡಬೇಕು? ಒಂದು ಪಾಲು ವಿಡಿಯೋಗಳಿಗೆ ಇಬ್ಬರು ಬೇರೆ ಬೇರೆ ಕೂತು ಲೇಬಲ್ ಹಾಕಲಿ. ಇಬ್ಬರಿಗೂ ಒಮ್ಮತ ಇಲ್ಲದ ಕಡೆ ಯಂತ್ರದಿಂದ ಸರಿ ಉತ್ತರ ಕೇಳುವುದು ನ್ಯಾಯ ಅಲ್ಲ.

ರಸ್ತೆಯಲ್ಲಿ ವಿಡಿಯೋ ತೆಗೆದಾಗ ಜನರ ಮುಖ, ಗಾಡಿ ನಂಬರ್ ಪ್ಲೇಟ್ ಬಂದೇ ಬರುತ್ತವೆ. ಹಂಚುವ ಮೊದಲು ಅವನ್ನು ಮಸುಕು ಮಾಡಿ. ಕಾಲೇಜಿನ ನೈತಿಕ ಸಮಿತಿಯ ಅನುಮತಿಯನ್ನು ಶುರುವಿನಲ್ಲೇ ತಗೊಳ್ಳಿ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಏನು ಹೇಳುತ್ತದೆ ಅಂತ ಅವರ ಜೊತೆ ಕೂತು ನೋಡಿ.

ಹಂತ 5: ಅಳತೆ ಯಾವುದು, ಎದುರಾಳಿ ಯಾರು

‘500-ಡಿ’ ಬದಲು ಮಾಡೆಲ್ ‘500-ಸಿ’ ಅಂದಿತು. ನಾಲ್ಕರಲ್ಲಿ ಮೂರು ಸರಿ, ಅಕ್ಷರದ ಲೆಕ್ಕದಲ್ಲಿ ಶೇ 75. ಆದರೆ ಆ ಪ್ರಯಾಣಿಕರು ತಪ್ಪು ಬಸ್ ಹತ್ತಿ, ಗೊತ್ತಿಲ್ಲದ ಸ್ಟಾಪಿನಲ್ಲಿ ಇಳಿಯಬೇಕಾಗುತ್ತದೆ. ಹಾಗಾಗಿ ಅಳತೆ ಅಂದ್ರೆ ಪೂರ್ತಿ ನಂಬರ್ ಸರಿ ಇದೆಯಾ ಅನ್ನುವುದು. ಅದೂ ಫ್ರೇಮ್ ಲೆಕ್ಕದಲ್ಲಿ ಬೇಡ, ಬಸ್ ಲೆಕ್ಕದಲ್ಲಿ.

ಇಷ್ಟಕ್ಕೇ ನಿಲ್ಲಬೇಡಿ. ತಪ್ಪು ಹೇಳುವುದಕ್ಕಿಂತ ‘ಗೊತ್ತಾಗುತ್ತಿಲ್ಲ’ ಅನ್ನುವುದು ಇಲ್ಲಿ ಎಷ್ಟೋ ಮೇಲು. ಆಗ ಅವರು ಪಕ್ಕದವರನ್ನು ಕೇಳುತ್ತಾರೆ. ಆದ್ದರಿಂದ ಎರಡು ಸಂಖ್ಯೆ ಒಟ್ಟಿಗೆ ಕೊಡಿ: ಎಷ್ಟು ಬಸ್ಸಿಗೆ ಉತ್ತರ ಹೇಳಿತು, ಹೇಳಿದ್ದರಲ್ಲಿ ಎಷ್ಟು ತಪ್ಪು. ಮಾಡೆಲ್‌ಗೆ ಎಷ್ಟು ಖಚಿತವಾದರೆ ಉತ್ತರ ಹೇಳಬೇಕು ಅನ್ನುವ ಮಿತಿಯನ್ನು ಏರಿಸುತ್ತಾ ಇಳಿಸುತ್ತಾ ಒಂದು ಗೆರೆ ಎಳೆದರೆ, ಬೇರೆ ಬೇರೆ ವಿಧಾನಗಳನ್ನು ನ್ಯಾಯವಾಗಿ ಹೋಲಿಸಬಹುದು. ಮೂರನೆಯ ಅಳತೆ, ಬಸ್ ಎಷ್ಟು ದೂರ ಇರುವಾಗಲೇ ಸರಿ ಉತ್ತರ ಬಂತು ಅನ್ನುವುದು. ಬಸ್ ಮುಂದೆ ಹೋದ ಮೇಲೆ ಬಂದ ಸರಿ ಉತ್ತರ ಯಾರಿಗೆ ಬೇಕು?

ಈಗ ಎದುರಾಳಿಗಳು, ಅಂದ್ರೆ ನಿಮ್ಮ ವಿಧಾನವನ್ನು ಹೋಲಿಸಿ ನೋಡಬೇಕಾದ ಬೇರೆ ವಿಧಾನಗಳು. ಬುದ್ಧಿಯೇ ಇಲ್ಲದ ವಿಧಾನದಿಂದ ಶುರು ಮಾಡಿ: ಪ್ರತಿ ಸಲ ಆ ಸ್ಟಾಪಿಗೆ ಅತಿ ಹೆಚ್ಚು ಬರುವ ರೂಟನ್ನೇ ಹೇಳುವುದು. ನಗಬೇಡಿ, ಕೆಲವು ಸ್ಟಾಪುಗಳಲ್ಲಿ ಇದೇ ಒಳ್ಳೆಯ ಅಂಕ ತಗೊಳ್ಳುತ್ತದೆ. ಅದನ್ನು ಮೀರಿಸದ ಮಾಡೆಲ್ ಏನನ್ನೂ ಓದುತ್ತಿಲ್ಲ. ಆಮೇಲೆ ಟೆಸರಾಕ್ಟ್, ಪ್ಯಾಡಲ್‌ಒಸಿಆರ್ ತರಹದ, ಚಿತ್ರದಲ್ಲಿರುವ ಅಕ್ಷರ ಓದುವ ಸಿದ್ಧ ಸಾಧನಗಳು. ಕೊನೆಗೆ ಮನುಷ್ಯರು: ಬೋರ್ಡಿನ ಭಾಗವನ್ನಷ್ಟೇ ಕತ್ತರಿಸಿದ ಅದೇ ಚಿತ್ರವನ್ನು ಮೂರ್ನಾಲ್ಕು ಜನರಿಗೆ ತೋರಿಸಿ ಓದಿಸಿ. 10 ಪಿಕ್ಸೆಲ್ ಅಂಕಿಯನ್ನು ಮನುಷ್ಯರೂ ಓದಲಾರರು ಅಂತಾದರೆ, ಅಲ್ಲಿ ಸೋತದ್ದಕ್ಕೆ ಮಾಡೆಲನ್ನು ಬೈಯುವುದು ಸರಿಯಲ್ಲ. ಮನುಷ್ಯರು ಓದಿದ್ದನ್ನು ಮಾಡೆಲ್ ಓದದಿದ್ದರೆ, ಕೆಲಸ ಬಾಕಿ ಇದೆ.

ಹಂತ 6: ಈಗ ಮಾಡೆಲ್

ಇಷ್ಟಾದ ಮೇಲೆ ಈ ಭಾಗ ನೀವು ಅಂದುಕೊಂಡಷ್ಟು ದೊಡ್ಡದಿರುವುದಿಲ್ಲ. ನಮ್ಮ ಪ್ರಶ್ನೆಗೆ ಮೂರು ವಿಧಾನ ಸಾಕು. ಒಂದು, ಇರುವುದರಲ್ಲೇ ಸ್ಪಷ್ಟವಾದ ಒಂದು ಫ್ರೇಮ್ ಆರಿಸಿ ಓದುವುದು. ಎರಡು, ಪ್ರತಿ ಫ್ರೇಮ್ ಓದಿ, ಹೆಚ್ಚು ಮತ ಬಂದ ನಂಬರ್ ಹೇಳುವುದು. ಮೂರು, ಫ್ರೇಮ್‌ಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಪ್ರತಿ ಪಿಕ್ಸೆಲ್‌ಗೆ ಅತಿ ಬೆಳಕಿನ ಬೆಲೆ ತಗೊಂಡು, ಆ ಒಂದು ಚಿತ್ರ ಓದುವುದು. ಮೂರರಲ್ಲೂ ಓದುವ ಭಾಗ ಒಂದೇ ಇರಲಿ, ಅದಕ್ಕೆ ಮೊದಲೇ ತರಬೇತಾದ ಒಂದು ಸೀನ್-ಟೆಕ್ಸ್ಟ್ ಮಾಡೆಲ್ (ಬೀದಿ ಚಿತ್ರಗಳಲ್ಲಿನ ಬರಹ ಓದುವಂಥದ್ದು) ಸಾಕು.

ಓಡಿಸುವ ಮೊದಲು ನಿಮ್ಮ ಊಹೆಯನ್ನು ದಿನಾಂಕ ಹಾಕಿ ಬರೆದಿಡಿ. ನನ್ನ ಊಹೆ: ಹಗಲಲ್ಲಿ ಮೂರನೆಯದು ಗೆಲ್ಲಬೇಕು, ಯಾಕೆಂದರೆ ಕಾಣೆಯಾದ ಸಾಲುಗಳು ಬೇರೆ ಬೇರೆ ಫ್ರೇಮ್‌ಗಳಿಂದ ಬಂದು ತುಂಬಿಕೊಳ್ಳುತ್ತವೆ. ಪ್ರತಿ ಫ್ರೇಮೂ ಅರ್ಧ ಇದ್ದಾಗ ಮತ ಹಾಕಿಸಿ ಪ್ರಯೋಜನವಿಲ್ಲ. ರಾತ್ರಿ ಅದೇ ವಿಧಾನ ಕೈಕೊಡಬೇಕು, ಯಾಕೆಂದರೆ ಹರಡಿದ ಬೆಳಕಿನಲ್ಲೂ ಅತಿ ಹೆಚ್ಚಿನದನ್ನೇ ಆರಿಸಿದರೆ ಅಂಕಿಗಳು ಇನ್ನಷ್ಟು ಊದಿಕೊಳ್ಳುತ್ತವೆ. ಅಲ್ಲಿ ಮತ ಗೆಲ್ಲಬಹುದು. ಅಕ್ಷರ ಓಡುತ್ತಿರುವ ಬೋರ್ಡಿನಲ್ಲಿ ಮೂರನೆಯದು ಪೂರ್ತಿ ಕೆಡುತ್ತದೆ. ಎರಡನೇ ಹಂತದಲ್ಲಿ ಕಣ್ಣಿಟ್ಟು ನೋಡದೆ ಇಂಥ ಊಹೆ ಹುಟ್ಟುವುದಿಲ್ಲ. ಊಹೆ ಸುಳ್ಳಾದರೂ ಅದು ಪೇಪರಿನಲ್ಲಿ ಬರೆಯಬೇಕಾದ ವಿಷಯವೇ.

ಟ್ರೈನ್ ಮಾಡುವಾಗ ಕೆಲವು ಎಚ್ಚರಗಳು. ಮೊದಲು ಹತ್ತೇ ಚಿತ್ರ ಕೊಟ್ಟು, ಮಾಡೆಲ್ ಅವನ್ನು ಬಾಯಿಪಾಠ ಮಾಡುತ್ತದಾ ನೋಡಿ. ಮಾಡದಿದ್ದರೆ ಕೋಡಿನಲ್ಲಿ ತಪ್ಪಿದೆ, ಜಿಪಿಯು ಹೊತ್ತು ಸುಡಬೇಡಿ. ಎಲ್ಲಿಂದಲೋ ತಂದ ಆಗ್ಮೆಂಟೇಶನ್ (ಇರುವ ಚಿತ್ರಗಳನ್ನೇ ಸ್ವಲ್ಪ ಬದಲಿಸಿ ಡೇಟಾ ಹೆಚ್ಚಿಸುವ) ಕೋಡಿನಲ್ಲಿ ಎಡ-ಬಲ ತಿರುಗಿಸುವ ಸಾಲು ಇರುತ್ತದೆ. ನಾಯಿಯನ್ನು ತಿರುಗಿಸಿದರೂ ನಾಯಿಯೇ, ‘2’ ತಿರುಗಿಸಿದರೆ ‘2’ ಉಳಿಯುವುದಿಲ್ಲ. ಆ ಸಾಲು ತೆಗೆಯಿರಿ. ಬದಲಿಗೆ ನಿಮ್ಮ ತೊಂದರೆಗೆ ತಕ್ಕ ಕೃತಕ ಡೇಟಾ ಮಾಡಿ: ಚುಕ್ಕಿ ಚುಕ್ಕಿ ಅಂಕಿ ಬಿಡಿಸಿ, ಬೇಕೆಂದೇ ಕೆಲವು ಸಾಲು ಆರಿಸಿ, ಸ್ವಲ್ಪ ಮಸುಕು ಮಾಡಿ. 2014ರಲ್ಲೇ ಆಕ್ಸ್‌ಫರ್ಡಿನ ತಂಡ 90 ಲಕ್ಷದಷ್ಟು ಕೃತಕ ಪದಚಿತ್ರ ತಯಾರಿಸಿ, ಅವುಗಳಿಂದಲೇ ನಿಜವಾದ ಬೋರ್ಡ್ ಓದುವ ಮಾಡೆಲ್ ಮಾಡಿತ್ತು. ಜಿಪಿಯು ಇಲ್ಲ ಅಂತ ಕೈಚೆಲ್ಲಬೇಡಿ, ಕೊಲ್ಯಾಬ್ ಅಥವಾ ಕ್ಯಾಗಲ್‌ನಲ್ಲಿ ಸಿಗುವ ಉಚಿತ ಸಮಯಕ್ಕೆ ಈ ಅಳತೆಯ ಕೆಲಸ ಹೊಂದುತ್ತದೆ. ಪ್ರತಿ ಪ್ರಯೋಗವನ್ನೂ ಬೇರೆ ಬೇರೆ ರ‍್ಯಾಂಡಮ್ ಸೀಡ್‌ನಿಂದ ಮೂರು ಸಲವಾದರೂ ಓಡಿಸಿ, ಸರಾಸರಿ ಕೊಡಿ.

ಹಂತ 7: ನಿಮ್ಮ ಫಲಿತಾಂಶವನ್ನು ನೀವೇ ಅನುಮಾನಿಸಿ

ಟೆಸ್ಟಿನಲ್ಲಿ 200 ಬಸ್ ಇವೆ. ಒಂದು ವಿಧಾನಕ್ಕೆ ಶೇ 80, ಇನ್ನೊಂದಕ್ಕೆ ಶೇ 83. ಗೆದ್ದೆವಾ? 200ಕ್ಕೆ ಶೇ 80 ಅಂದ್ರೆ ಶೇ 95ರ ವಿಶ್ವಾಸದಲ್ಲಿ ಹೆಚ್ಚೂಕಡಿಮೆ 5.5 ಪಾಯಿಂಟ್ ಆಚೀಚೆ. ಮೂರು ಪಾಯಿಂಟ್ ವ್ಯತ್ಯಾಸ ಅದರೊಳಗೇ ಮುಳುಗಿಹೋಗುತ್ತದೆ. ಎರಡೂ ಅದೇ ಬಸ್ಸುಗಳ ಮೇಲೆ ಓಡಿರುವುದರಿಂದ, ಒಂದು ಸರಿ ಹೇಳಿ ಇನ್ನೊಂದು ತಪ್ಪು ಹೇಳಿದ ಬಸ್ಸುಗಳನ್ನಷ್ಟೇ ಎಣಿಸಿ ಹೋಲಿಸಿದರೆ ಇನ್ನೂ ಚೂಪಾದ ಉತ್ತರ ಸಿಗುತ್ತದೆ.

ಆಮೇಲೆ ಮೋಸದ ಪರೀಕ್ಷೆ. ಬೋರ್ಡನ್ನು ಕಪ್ಪು ಚೌಕದಿಂದ ಮುಚ್ಚಿ, ಅದೇ ವಿಡಿಯೋ ಕೊಡಿ. ಮಾಡೆಲ್ ಆಗಲೂ ನಂಬರ್ ಸರಿಯಾಗಿ ಹೇಳಿದರೆ, ಅದು ಬಸ್ಸಿನ ಬಣ್ಣ ನೋಡುತ್ತಿದೆ, ಹಿಂದಿನ ಅಂಗಡಿ ನೋಡಿ ಸ್ಟಾಪ್ ಗುರುತು ಹಿಡಿಯುತ್ತಿದೆ, ಬೋರ್ಡ್ ಓದುತ್ತಿಲ್ಲ. ಇಂಥ ಅಡ್ಡದಾರಿ ಯಂತ್ರಗಳಿಗೆ ಬಹಳ ಸಲೀಸು. 2019ರಲ್ಲಿ ರಾಬರ್ಟ್ ಗೈರ್‌ಹೋಸ್ ಮತ್ತು ಸಂಗಡಿಗರು ಬೆಕ್ಕಿನ ಆಕಾರಕ್ಕೆ ಆನೆಯ ಚರ್ಮದ ಮೇಲ್ಮೈ ಹೊದಿಸಿ ತೋರಿಸಿದರು. ಮನುಷ್ಯರು ಬೆಕ್ಕು ಅಂದರು, ಇಮೇಜ್‌ನೆಟ್‌ನಲ್ಲಿ ತರಬೇತಾದ ನೆಟ್‌ವರ್ಕ್ ಆನೆ ಅಂದಿತು. ಆಕಾರಕ್ಕಿಂತ ಹೆಚ್ಚಾಗಿ ಮೇಲ್ಮೈ ನೋಡಿಯೇ ಅದು ಇಮೇಜ್‌ನೆಟ್‌ನಲ್ಲಿ ಒಳ್ಳೆಯ ಅಂಕ ತೆಗೆಯುತ್ತಿತ್ತು.

ಕೊನೆಯದಾಗಿ ತಪ್ಪುಗಳನ್ನೆಲ್ಲ ತೆರೆದು, ಒಂದೊಂದನ್ನೂ ನೋಡಿ ಗುಂಪು ಮಾಡಿ: ದೂರ, ಆರಿದ ಸಾಲು, ಹರಡಿದ ಬೆಳಕು, ಗಾಜಿನ ಪ್ರತಿಫಲನ, ಅಡ್ಡ ಬಂದ ಆಟೋ, ತಪ್ಪು ಲೇಬಲ್. ಈ ಪಟ್ಟಿ ನಿಮ್ಮ ಪೇಪರಿನಲ್ಲಿ ಮುಂದೆ ಬರುವವರಿಗೆ ಅತಿ ಉಪಯೋಗದ ಭಾಗ ಆಗಬಹುದು.

ಹಂತ 8: ಬರೆಯಿರಿ, ಕಳಿಸಿ, ಬಿಡುಗಡೆ ಮಾಡಿ

ಪೇಪರ್ ಬರೆಯುವುದನ್ನು ಕೊನೆಗೆ ಇಡಬೇಡಿ. ಮೊದಲ ಚಿತ್ರ ಮತ್ತು ಖಾಲಿ ಫಲಿತಾಂಶದ ಪಟ್ಟಿ, ಇವೆರಡನ್ನೂ ನಾಲ್ಕನೇ ಹಂತದಲ್ಲೇ ಬರೆದಿಟ್ಟುಕೊಳ್ಳಿ. ಮೊದಲ ಚಿತ್ರದಲ್ಲಿ ಒಂದೇ ಬಸ್ಸಿನ ಮೂರು ಅರ್ಧಂಬರ್ಧ ಫ್ರೇಮ್, ಪಕ್ಕದಲ್ಲಿ ಕೂಡಿಸಿದ ಚಿತ್ರ. ವಿಮರ್ಶಕರಿಗೆ ಅರ್ಧ ನಿಮಿಷದಲ್ಲಿ ವಿಷಯ ತಿಳಿಯಬೇಕು.

ಎಲ್ಲಿಗೆ ಕಳಿಸುವುದು? ಸಿವಿಪಿಆರ್ ಪ್ರತಿ ವರ್ಷ, ಐಸಿಸಿವಿ ಬೆಸ ವರ್ಷಗಳಲ್ಲಿ, ಇಸಿಸಿವಿ ಸಮ ವರ್ಷಗಳಲ್ಲಿ. ಸಿವಿಪಿಆರ್‌ಗೆ ಬಂದ ಪೇಪರ್‌ಗಳಲ್ಲಿ ಹೆಚ್ಚೂಕಡಿಮೆ ನಾಲ್ಕರಲ್ಲಿ ಒಂದು ಒಪ್ಪಿಗೆಯಾಗುತ್ತದೆ. ಮೊದಲ ಕೆಲಸಕ್ಕೆ ಭಾರತದ್ದೇ ಆದ ಐಸಿವಿಜಿಐಪಿ ಸಮ್ಮೇಳನ ಅಥವಾ ದೊಡ್ಡ ಸಮ್ಮೇಳನಗಳ ಜೊತೆ ನಡೆಯುವ ವರ್ಕ್‌ಶಾಪ್‌ಗಳು ಒಳ್ಳೆಯ ಜಾಗ. ಅಲ್ಲಿ ನಿಮ್ಮ ಪೋಸ್ಟರ್ ಎದುರು ನಿಂತು ಪ್ರಶ್ನೆ ಕೇಳುವವರು ಸಿಗುತ್ತಾರೆ. ದುಡ್ಡು ಕಟ್ಟಿದರೆ ವಾರದಲ್ಲಿ ಪ್ರಕಟಿಸುತ್ತೇವೆ ಅಂತ ಇಮೇಲ್ ಕಳಿಸುವ ಜರ್ನಲ್‌ಗಳ ಹತ್ತಿರ ಹೋಗಬೇಡಿ. ನಿಮ್ಮ ಕೆಲಸವನ್ನು ಯಾರೂ ಓದಿ ನೋಡಿರುವುದಿಲ್ಲ, ಮುಂದೆ ಬಯೋಡೇಟಾದಲ್ಲಿ ಅದು ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ.

ತಿರಸ್ಕಾರ ಬಂದರೆ ವಿಮರ್ಶೆಯನ್ನು ಎರಡು ದಿನ ಬಿಟ್ಟು ಓದಿ. ‘ಹೊಸತನ ಇಲ್ಲ’ ಅನ್ನುವ ಮಾತಿನ ಹಿಂದೆ, ಪ್ರಶ್ನೆ ಅವರಿಗೆ ಸರಿಯಾಗಿ ತಲುಪಿಲ್ಲ ಅನ್ನುವುದೇ ಹಲವು ಸಲ ಇರುತ್ತದೆ. ಮೊದಲ ಪುಟ ತಿದ್ದಿ. ‘ಈ ವಿಧಾನದ ಜೊತೆ ಯಾಕೆ ಹೋಲಿಸಿಲ್ಲ’ ಅಂತ ಕೇಳಿದ್ದರೆ, ಹೋಲಿಸಿ.

ಬಿಡುಗಡೆ ಮಾಡುವಾಗ ಕೋಡ್, ಹಂಚಿಕೆಯ ಪಟ್ಟಿ, ಲೇಬಲ್ ನಿಯಮದ ಪುಟ, ಯಾವ ಫೋನಿನಲ್ಲಿ ಯಾವ ಹೊತ್ತಿನಲ್ಲಿ ತೆಗೆದಿರಿ ಅನ್ನುವ ವಿವರ ಎಲ್ಲ ಒಟ್ಟಿಗೆ ಇಡಿ. ಟೆಸ್ಟ್ ಸೆಟ್‌ಗೆ 1.0 ಅಂತ ಆವೃತ್ತಿ ಸಂಖ್ಯೆ ಕೊಡಿ. ಯಾಕೆಂದರೆ ತಪ್ಪು ಲೇಬಲ್ ಸಿಕ್ಕೇ ಸಿಗುತ್ತದೆ. 2021ರಲ್ಲಿ ಕರ್ಟಿಸ್ ನಾರ್ತ್‌ಕಟ್ ಮತ್ತು ಸಂಗಡಿಗರು ಎಲ್ಲರೂ ಬಳಸುವ ಹತ್ತು ಟೆಸ್ಟ್ ಸೆಟ್‌ಗಳನ್ನು ಜಾಲಾಡಿ, ಸರಾಸರಿ ಶೇ 3.3ರಷ್ಟಾದರೂ ಲೇಬಲ್ ತಪ್ಪಿವೆ ಅಂತ ತೋರಿಸಿದರು. ನಿಮ್ಮದರಲ್ಲಿ ಯಾರಾದರೂ ತಪ್ಪು ತೋರಿಸಿಕೊಟ್ಟರೆ ತಿದ್ದಿ 1.1 ಮಾಡಿ, ಎಲ್ಲ ವಿಧಾನಗಳನ್ನೂ ಅದರ ಮೇಲೆ ಮತ್ತೆ ಓಡಿಸಿ, ಹಳೆಯ ಅಂಕ ಹೊಸ ಅಂಕ ಎರಡನ್ನೂ ಅಕ್ಕಪಕ್ಕ ಹಾಕಿ, ತೋರಿಸಿಕೊಟ್ಟವರು ಒಪ್ಪಿದರೆ ಅವರ ಹೆಸರನ್ನೂ ಸೇರಿಸಿ.